ಮೂಲಪುರುಷ

ಕಂಪ್ಯೂಟರ್ ತಂತ್ರಾಂಶವೊಂದು ಸಿದ್ಧರೂಪದಲ್ಲಿ ಪುಕ್ಕಟೆ ಸಿಗುತ್ತಿರುವಾಗಲೂ ಅದನ್ನು ಮುಟ್ಟದೆ, ಅದರ ಸೋರ್ಸ್ ಕೋಡನ್ನು, ಎಂದರೆ ಪ್ರೋಗ್ರಾಮರುಗಳು ಬರೆದ ಮೂಲಪಾಠವನ್ನು, ಇಳಿಸಿಕೊಂಡು ತಾನೇ ಕಟ್ಟತಕ್ಕದ್ದೆಂಬ ಛಲವುಳ್ಳ ತರುಣನು ಈಚೆಗೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಕಾಣಸಿಗುತ್ತಿದ್ದು, ಅವನಿಗೆ ಮೂಲಪುರುಷನೆಂಬ ಹೆಸರೇ ಒಪ್ಪುತ್ತದೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಜಗಲಿಯಿಂದಲೇ ಮಾಡುವ ಇವನ ಲ್ಯಾಪ್‌ಟಾಪಿನ ಬೆನ್ನು ಸ್ಟಿಕರುಗಳಿಂದ ಮುಚ್ಚಿಹೋಗಿರುತ್ತದೆ.

ಮೂಲಪಾಠವು ಬಳಕೆಗೆ ಬರುವ ತಂತ್ರಾಂಶವಾಗುವ ಕ್ರಮಕ್ಕೆ ಬಿಲ್ಡ್ ಎಂದು ಹೆಸರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ನೆರಳಿನಲ್ಲಿ ಬೆಳೆದ ದಾಂಡೇಲಿಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಿದಿರನ್ನು ಕತ್ತರಿಸಿ, ಬೇಯಿಸಿ, ತಿರುಳು ಮಾಡಿ, ಒತ್ತಿ ಒಣಗಿಸಿದಾಗಲಷ್ಟೇ ಅದು ಕಾಗದ. ಆದರೆ ನೋಟುಬುಕ್ಕು ಬೇಕಾದವರು ಅಂಗಡಿಗೆ ಹೋಗುತ್ತಾರೆ, ಮೂಲಪುರುಷನು ಕತ್ತಿ ಹಿಡಿದು ಬಿದಿರುಮೆಳೆಗೆ ಹೋಗುತ್ತಾನೆ.

ಗಣೇಶಗುಡಿಯ ಕಡೆ ಹೋಮ್‌ಸ್ಟೇ ನಡೆಸುವ ಹಿರಿಯರಿಗೆ ಬೇಕಾದದ್ದು ಒಂದು ಸಿ.ಎಮ್.ಎಸ್., ಅಂದರೆ ಕೋಡಿನ ಗಂಧಗಾಳಿಯಿಲ್ಲದವರೂ ಲಾಗಿನ್ ಆಗಿ ವೆಬ್‌ಸೈಟಿನಲ್ಲಿರುವ ಕೋಣೆಯ ಬಾಡಿಗೆ, ಊಟದ ಪಟ್ಟಿ, ರ‍್ಯಾಫ್ಟಿಂಗಿನ ಫೋಟೋಗಳನ್ನು ತಾವೇ ಬದಲಿಸಬಲ್ಲ ವ್ಯವಸ್ಥೆ. 2003ರಿಂದ ಬಳಕೆಯಲ್ಲಿರುವ ವರ್ಡ್‌ಪ್ರೆಸ್ ಎಂಬ ಸಿ.ಎಮ್.ಎಸ್. ಐದೇ ನಿಮಿಷದ ಸ್ಥಾಪನೆಗೆ ಹೆಸರಾದದ್ದು. ಆ ಐದು ನಿಮಿಷವೇ ಮೂಲಪುರುಷನಿಗೆ ಅವಮಾನ. ಅವನು ಜಾವಾ ಭಾಷೆಯ ಭಾರಿ ಸಿ.ಎಮ್.ಎಸ್. ಒಂದನ್ನು ಆರಿಸಿ, ಬೇಕಾದ ಪೂರಕ ಕಡತಗಳನ್ನು ತಾನೇ ತರಿಸಿಕೊಳ್ಳುವ ಮೇವನ್ ಎಂಬ ಸಾಧನಕ್ಕೆ ಕೆಲಸ ವಹಿಸುತ್ತಾನೆ. ಮದುವೆಗೆ ಕರೆದ ಒಬ್ಬ ಬೀಗರು ತಮ್ಮ ಹತ್ತು ಮಂದಿಯನ್ನು, ಆ ಹತ್ತು ಮಂದಿ ತಂತಮ್ಮವರನ್ನು ಕರೆತಂದಂತೆ ಒಂದು ಕಡತದ ಬೆನ್ನಿಗೆ ನೂರು ಬರುತ್ತವೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ ತಯಾರಾಗುತ್ತಿದ್ದರೂ, ತಂತಿಯ ಮೇಲೆ ಮರ ಬಿದ್ದರೆ ಜೋಯಿಡಾದ ಮನೆಗೆ ಕತ್ತಲೆಯೇ ಗತಿ, ತೊಂಬತ್ತೊಂಬತ್ತನೆಯ ಕಡತ ಅಲ್ಲೇ ನಿಲ್ಲುತ್ತದೆ.

"ಏನ್ ತಮ್ಮಾ, ಆತೇನೋ ನಮ್ಮ ವೆಬ್‌ಸೈಟು?"

"ಬಿಲ್ಡ್ ನಡದೈತ್ರೀ ಕಾಕಾ."

ತೆರೆಯ ಮೇಲೆ ಕೆಂಪಕ್ಷರದಲ್ಲಿ 'ಬಿಲ್ಡ್ ಫೇಲ್ಯೂರ್' ಎಂದು ಬಂದಾಗ ಅವನ ಮುಖ ಅರಳುತ್ತದೆಂಬುದು ಈ ಜಾತಿಯ ಮುಖ್ಯ ಲಕ್ಷಣ. ಯಂತ್ರದಲ್ಲಿರುವ ಜಾವಾ ಆವೃತ್ತಿ ಒಂದು, ಮೂಲಪಾಠ ಕೇಳುವುದು ಇನ್ನೊಂದು ಎಂಬುದನ್ನು ಎರಡು ರಾತ್ರಿ ನಿದ್ದೆಗೆಟ್ಟು ಪತ್ತೆಹಚ್ಚಿ, 'ಕ್ಲೀನ್' ಎಂಬ ಆಜ್ಞೆಯಿಂದ ಅದುವರೆಗೆ ಕಟ್ಟಿದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ. ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಮಂಡಲ ಬರೆದು ಕೊನೆಗೆ ಗುಡಿಸಿಬಿಡುವುದು ಟಿಬೆಟನ್ ಬೌದ್ಧರ ಸಂಪ್ರದಾಯವಾಗಿದ್ದು, ಮುಂಡಗೋಡದ ಮೂಲಪುರುಷನಿಗೆ ಅಲ್ಲಿನ ಟಿಬೆಟನ್ನರ ಲಾಮಾ ಕ್ಯಾಂಪಿನ ಸಹವಾಸದಿಂದ ಇದು ಅಂಟಿತೆನ್ನಬಹುದಿತ್ತು. ಆದರೆ ಭಿಕ್ಷುಗಳು ಗುಡಿಸುವಾಗ ಯಾರನ್ನೂ ಬಯ್ಯುವುದಿಲ್ಲ.

ಕಟ್ಟಿ ಮುಗಿದ ತಂತ್ರಾಂಶವನ್ನು ಸರ್ವರಿನಲ್ಲಿ ನೆಲೆಗೊಳಿಸುವುದೇ ಡಿಪ್ಲಾಯ್. 'ವಾರ್' ಎಂಬ ಕಟ್ಟನ್ನು ಟಾಮ್‌ಕ್ಯಾಟ್ ಸರ್ವರಿನ ವೆಬ್ಆ್ಯಪ್ಸ್ ಫೋಲ್ಡರಿಗೆ ಹಾಕಿ, 8080ನೆಯ ಪೋರ್ಟಿನಲ್ಲಿ ಇಣುಕಿ ಕಾಯಬೇಕು. ಟಾಮ್‌ಕ್ಯಾಟ್ ಎಂದರೆ ಗಂಡುಬೆಕ್ಕು. ಕಾಳಿ ಹುಲಿ ಸಂರಕ್ಷಿತಾರಣ್ಯದ ಕರಿಚಿರತೆಯಾದರೂ ಕಾದವರಿಗೆ ಒಮ್ಮೊಮ್ಮೆ ದರ್ಶನ ಕೊಡುತ್ತದೆ.

ಮಳೆಗಾಲ ಕಳೆದು ಮೊದಲ ಪುಟ ಕಡೆಗೂ ತೆರೆದುಕೊಂಡಾಗ ಅದರಲ್ಲಿ ಇಂಗ್ಲಿಷಿನ ಒಂದು ಸ್ವಾಗತವಾಕ್ಯ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಷ್ಟರಲ್ಲಿ ಕಾಕಾ ಪೇಂಟರನಿಂದ ಬೋರ್ಡು ಬರೆಸಿ ರಸ್ತೆಯ ತಿರುವಿನಲ್ಲಿ ನಿಲ್ಲಿಸಿ, ಫೋಟೋ ಮತ್ತು ದರಗಳನ್ನು ವಾಟ್ಸಾಪಿನಲ್ಲಿ ಕಳುಹಿಸಿ, ದೀಪಾವಳಿಯ ರಜೆಗೆ ನಾಲ್ಕೂ ಕೋಣೆಗಳ ಮುಂಗಡ ಪಡೆದಿರುತ್ತಾರೆ.