ಟೊಪ್ಪಿಯ ಬಗ್ಗೆ ಮಾತ್ರ ಆಕ್ಷೇಪವುಳ್ಳ ಮಹಾಶಯರು

ಬ್ರಿಟನ್ನಿನ ಟೆಲಿವಿಷನ್ ವೀಕ್ಷಕರಲ್ಲಿ ನಿಖರತಾವಾದಿಗಳು ಎಂದು ಕರೆಯಬಹುದಾದ ಒಂದು ಪಂಗಡವಿದ್ದು, ಗತಕಾಲದ ಉಡುಗೆ-ತೊಡುಗೆ ಮತ್ತು ಕುದುರೆಗಾಡಿಗಳ ನಡುವೆ ಕಥೆ ಹೇಳುವ ಧಾರಾವಾಹಿಗಳು, ಅಂದರೆ ಅಲ್ಲಿನವರು ಪೀರಿಯಡ್ ಡ್ರಾಮಾ ಎನ್ನುವ ಪ್ರಕಾರದವು, ಪ್ರಸಾರವಾಗುವ ಭಾನುವಾರದ ರಾತ್ರಿಗಳಲ್ಲಿ ಈ ಪಂಗಡ ವಿಶೇಷವಾಗಿ ಚುರುಕಾಗುತ್ತದೆ. ಪಂಗಡದ ಮಾದರಿ ಸದಸ್ಯರಾದ ಮಹಾಶಯರು ಸಾಮಾನ್ಯವಾಗಿ ನಿವೃತ್ತರು. ಅವರು ಪಾತ್ರದ ಮುಖವನ್ನು ಬಿಟ್ಟು ಅದರ ಹಿಂದಿರುವ ಕಿಟಕಿಯನ್ನು ನೋಡುತ್ತಾರೆ, ಮತ್ತು 1830ರ ಮನೆಯಲ್ಲಿ 1850ರ ಬಾಗಿಲ ಚಿಲಕವೊಂದು ಕಂಡುಬಂದರೆ ಅವರ ವಾರ ಸಾರ್ಥಕವಾಗುತ್ತದೆ. ಮೊಸರಿನಲ್ಲಿ ಕಲ್ಲು ಹುಡುಕುವವರೆಂದು ಅವರನ್ನು ಹಳಿಯುವುದು ಅನ್ಯಾಯ, ಏಕೆಂದರೆ ಧಾರಾವಾಹಿಗಳ ಮೊಸರಿನಲ್ಲಿ ಕಲ್ಲು ಬಹುತೇಕ ಇದ್ದೇ ಇರುತ್ತದೆ.

ಮಹಾಶಯರ ನೆಮ್ಮದಿಗೆ ಮೊದಲ ಕುಂದು ಬಂದದ್ದು 2002ರಲ್ಲಿ, ಸಾರಾ ವಾಟರ್ಸ್ ಅವರ ‘ಟಿಪ್ಪಿಂಗ್ ದ ವೆಲ್ವೆಟ್’ ಕಾದಂಬರಿಯನ್ನು ಬಿಬಿಸಿ ಮೂರು ಕಂತುಗಳ ಧಾರಾವಾಹಿಯಾಗಿಸಿ, ವಿಕ್ಟೋರಿಯಾ ರಾಣಿಯ ಕಾಲದ ಹೆಣ್ಣುಮಕ್ಕಳಿಬ್ಬರ ಪ್ರೇಮವನ್ನು ನಡುಮನೆಗೆ ತಂದಾಗ. ಆಗ ಅವರ ಕೈಯಲ್ಲಿ ಒಂದು ಭದ್ರವಾದ ಗುರಾಣಿಯಿತ್ತು: ಇದು ಈ ಕಾಲದ ಲೇಖಕಿಯ ಕಟ್ಟುಕಥೆ, ಆ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ, ಇದ್ದರೂ ದಾಖಲೆಯಿಲ್ಲ. 2005ರಲ್ಲಿ ಅದೇ ಲೇಖಕಿಯ ‘ಫಿಂಗರ್‌ಸ್ಮಿತ್’ ಬಂದಾಗಲೂ ಅದೇ ಗುರಾಣಿ ಸಾಕಾಯಿತು. ದಾಖಲೆ ಎಂಬುದು ಮಹಾಶಯರ ಕುಲದೇವತೆ. ಆ ದೇವತೆಯೇ ಒಂದು ದಿನ ಎದುರು ಪಕ್ಷಕ್ಕೆ ವರ ಕೊಟ್ಟೀತೆಂದು ಅವರು ಎಣಿಸಿರಲಿಲ್ಲ.

2019ರ ‘ಜಂಟಲ್‌ಮನ್ ಜ್ಯಾಕ್’ ಧಾರಾವಾಹಿಯಲ್ಲಿ ಆದದ್ದು ಅದೇ. ಸ್ಯಾಲಿ ವೇನ್‌ರೈಟ್ ರಚಿಸಿದ ಈ ಕೃತಿಯ ನಾಯಕಿ ಆ್ಯನ್ ಲಿಸ್ಟರ್ (1791–1840) ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಪಟ್ಟಣದ ಬಳಿಯ ಶಿಬ್ಡನ್ ಹಾಲ್ ಎಂಬ ಮನೆಯ ಒಡತಿಯಾಗಿ, ಕಲ್ಲಿದ್ದಲ ಗಣಿ ತೋಡಿಸಿ, ಸದಾ ಕಪ್ಪು ಬಟ್ಟೆ ತೊಟ್ಟು, ಹೆಣ್ಣುಮಕ್ಕಳನ್ನೇ ಪ್ರೀತಿಸಿದವಳು. ಅವಳು ಬಿಟ್ಟುಹೋದ ದಿನಚರಿ ಸುಮಾರು 50 ಲಕ್ಷ ಪದಗಳಷ್ಟಿದ್ದು, ಅದರಲ್ಲಿ ಆರನೆಯ ಒಂದು ಭಾಗವನ್ನು ಅವಳು ಗ್ರೀಕ್ ಅಕ್ಷರಗಳನ್ನೂ ಬೀಜಗಣಿತದ ಚಿಹ್ನೆಗಳನ್ನೂ ಬೆರೆಸಿದ ಗುಪ್ತಲಿಪಿಯಲ್ಲಿ ಬರೆದಿದ್ದಳು. 1890ರ ದಶಕದಲ್ಲಿ ಆ ಮನೆಯ ವಾರಸುದಾರ ಜಾನ್ ಲಿಸ್ಟರ್ ಮತ್ತು ಅವನ ಗೆಳೆಯ ಆರ್ಥರ್ ಬರೆಲ್ ಲಿಪಿಯ ಗುಟ್ಟು ಬಿಡಿಸಿದಾಗ, ಒಳಗಿದ್ದುದನ್ನು ಓದಿ ಬೆಚ್ಚಿದ ಬರೆಲ್ ಸುಟ್ಟುಬಿಡು ಎಂದನು. ಜಾನ್ ಲಿಸ್ಟರ್ ಸುಡದೆ ಗೋಡೆಯ ಮರದ ಹಲಗೆಗಳ ಹಿಂದೆ ಬಚ್ಚಿಟ್ಟನು. 1988ರಲ್ಲಿ ಹೆಲೆನಾ ವಿಟ್‌ಬ್ರೆಡ್ ಅವರು ಗುಪ್ತಭಾಗಗಳನ್ನೂ ಒಳಗೊಂಡ ಆಯ್ದ ಪುಟಗಳನ್ನು ಪ್ರಕಟಿಸಿದರು. 2011ರಲ್ಲಿ ದಿನಚರಿ ಯುನೆಸ್ಕೋದ ವಿಶ್ವಸ್ಮೃತಿ ಯೋಜನೆಯ ಬ್ರಿಟನ್ ಪಟ್ಟಿಗೂ ಸೇರಿತು.

ಗುರಾಣಿ ಹೀಗೆ ಕೈಜಾರಿದ ಮೇಲೆ ಮಹಾಶಯರು ನಾಯಕಿಯ ಟೊಪ್ಪಿಯನ್ನು ಹಿಡಿದುಕೊಂಡರು. ‘ಪ್ರೇಮದ ವಿಚಾರದಲ್ಲಿ ನನಗೇನೂ ಆಕ್ಷೇಪವಿಲ್ಲ, ಅದು ಅವರವರ ಸ್ವಂತ ವಿಷಯ, ಆದರೆ ಆ ಟೊಪ್ಪಿ ಇದೆಯಲ್ಲ’ ಎಂದು ಆರಂಭವಾಗುವ ಅವರ ಅಭಿಪ್ರಾಯವು, ಆ ಎತ್ತರದ ಟೊಪ್ಪಿಯನ್ನು ಹೆಂಗಸರು ಕುದುರೆ ಸವಾರಿಗೆ ಮಾತ್ರ ತೊಡುತ್ತಿದ್ದರೆಂಬ ಪಾಂಡಿತ್ಯದ ಮೂಲಕ ಹಾದು, ಗಾಡಿಯ ಚಕ್ರಗಳನ್ನು ಮುಟ್ಟಿ, ನಾಯಕಿ ಕ್ಯಾಮೆರಾದತ್ತ ತಿರುಗಿ ವೀಕ್ಷಕರೊಡನೆ ಮಾತಾಡುವ ತಂತ್ರಕ್ಕೆ ಬಂದು ನಿಲ್ಲುತ್ತದೆ. ರಂಗಭೂಮಿಯವರು ನಾಲ್ಕನೆಯ ಗೋಡೆ ಒಡೆಯುವುದು ಎನ್ನುವ ಈ ತಂತ್ರವನ್ನು ಅವರು ಖಂಡಿಸುವುದು ಕಥೆ ನಡೆಯುವ 1832ರಲ್ಲಿ ಕ್ಯಾಮೆರಾಗಳೇ ಬಳಕೆಗೆ ಬಂದಿರಲಿಲ್ಲವೆಂಬ ಕಾರಣಕ್ಕೆ. ಮುತ್ತಿನ ದೃಶ್ಯ ಬಂದಾಗ ಅವರ ದೃಷ್ಟಿ ಕಿಟಕಿಯ ಪರದೆಯ ನೇಯ್ಗೆಯ ಮೇಲೆ ಎಷ್ಟು ಬಿಗಿಯಾಗಿ ನೆಟ್ಟಿರುತ್ತದೆಂದರೆ, ಆ ನೇಯ್ಗೆಯ ಬಗ್ಗೆ ಅವರಷ್ಟು ಬಲ್ಲವರು ಇಡೀ ದ್ವೀಪದಲ್ಲಿ ಮತ್ತೊಬ್ಬರಿರಲಾರರು.

ಇಲ್ಲಿ ಗಮನಿಸತಕ್ಕ ವಿಚಿತ್ರವೊಂದಿದೆ. ಮೊದಲ ಸರಣಿಯಲ್ಲಿ ಗೇಣಿದಾರನೊಬ್ಬನ ಮಗ ಕುಡುಕ ತಂದೆಯನ್ನು ಕೊಂದು ಹೆಣವನ್ನು ಹಂದಿಗಳಿಗೆ ಹಾಕುವ ಪ್ರಸಂಗ ಬರುತ್ತದೆ. ಇದು ಕಥೆಯ ರಂಜನೆಗಾಗಿ ಕಲ್ಪಿಸಿಕೊಂಡದ್ದು. ಮಹಾಶಯರು ಅದಕ್ಕೆ ದಾಖಲೆ ಕೇಳಲಿಲ್ಲ; ಆ ಕಾಲದ ಹಳ್ಳಿಗಳಲ್ಲಿ ಇಂಥವು ನಡೆಯುತ್ತಲೇ ಇದ್ದವೆಂದು ತಲೆದೂಗಿ ಚಹಾ ಹೀರಿದರು. ಅದೇ ಸರಣಿಯ ಕೊನೆಗೆ ಆ್ಯನ್ ಲಿಸ್ಟರ್ ಮತ್ತು ನೆರೆಯ ಜಮೀನಿನ ಒಡತಿ ಆ್ಯನ್ ವಾಕರ್ ಯಾರ್ಕ್ ನಗರದ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಜೊತೆಯಾಗಿ ಪ್ರಸಾದ ಸ್ವೀಕರಿಸಿ, ತಮ್ಮ ಮಟ್ಟಿಗೆ ಅದನ್ನೇ ಮದುವೆಯೆಂದು ತಿಳಿದ ದೃಶ್ಯ ಬಂದಾಗ ಮಾತ್ರ ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಆಧಾರವೇನೆಂದು ಕೇಳಿದರು. ಆಧಾರವು ದಿನಾಂಕಸಹಿತ, 1834ರ ಮಾರ್ಚ್ 30, ಈಸ್ಟರ್ ಭಾನುವಾರವೆಂದು ಸ್ವತಃ ವಧುವಿನ ಕೈಬರಹದಲ್ಲೇ ಇದೆ. ಹಂದಿಗಳು ಏನನ್ನೂ ಬರೆದಿಟ್ಟಿಲ್ಲ.

ಮಹಾಶಯರಿಗೆ ಎದುರಾಳಿಯೂ ಇಲ್ಲದಿಲ್ಲ. ದೂರದ ದೇಶಗಳಿಂದ ಕಪ್ಪು ಕೋಟು ತೊಟ್ಟು ಹ್ಯಾಲಿಫ್ಯಾಕ್ಸಿಗೆ ಬಂದು, ನಾಯಕಿಯ ಪಾತ್ರದ ನಟಿ ಸುರಾನ್ ಜೋನ್ಸ್ ನಡೆದ ರಭಸದಲ್ಲೇ ಶಿಬ್ಡನ್ನಿನ ಏರು ಹತ್ತಿ, ಅರ್ಧದಲ್ಲಿ ಏದುಸಿರು ಬಿಟ್ಟು ನಿಲ್ಲುವ ಅಭಿಮಾನಿ ಮಹಿಳೆಯೇ ಆಕೆ. ಈ ಯಾತ್ರಿಕೆಗೆ ದಿನಚರಿ ಬಾಯಿಪಾಠ. ಆ್ಯನ್ ಲಿಸ್ಟರ್ ಎದ್ದ ಗಳಿಗೆ, ಉಷ್ಣಮಾಪಕದ ಅಂಕಿ, ಪತ್ರ ಬರೆಯಲು ಹಿಡಿದ ಹೊತ್ತು ಇವನ್ನೆಲ್ಲ ಗುರುತು ಹಾಕಿಕೊಳ್ಳುತ್ತಿದ್ದವಳಾದ್ದರಿಂದ, ಮಹಾಶಯರು ಟೊಪ್ಪಿಯೆಂದರೆ ಯಾತ್ರಿಕೆ ಆ ದಿನದ ಹವೆಯ ಸಮೇತ ಉತ್ತರ ಕೊಡಬಲ್ಲಳು. ಆದರೆ ತನ್ನ ನಾಯಕಿ ಕಟ್ಟಾ ಟೋರಿ, ಅಂದರೆ ಭೂಮಾಲೀಕರ ಸಂಪ್ರದಾಯವಾದಿ ಪಕ್ಷದವಳು, ಗುಪ್ತ ಮತದಾನವಿಲ್ಲದ ಆ ದಿನಗಳಲ್ಲಿ (ಅದು ಜಾರಿಗೆ ಬಂದದ್ದು 1872ರಲ್ಲಿ) ತನ್ನ ಗೇಣಿದಾರರು ತಾನು ಹೇಳಿದವರಿಗೇ ಮತ ಹಾಕುವಂತೆ ನೋಡಿಕೊಂಡವಳು ಎಂಬ ಪುಟ ಬಂದಾಗ ಯಾತ್ರಿಕೆಯ ಬಾಯಿಪಾಠ ತುಸು ತೊದಲುತ್ತದೆ. ಮಹಾಶಯರಿಗೋ ಅವಳಲ್ಲಿ ನಿಷ್ಕಳಂಕವಾಗಿ ಮೆಚ್ಚುಗೆಯಾಗುವ ಪುಟ ಅದೊಂದೇ. ಒಬ್ಬಳೇ ಹೆಂಗಸನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡು, ತನ್ನ ಪಾಲೇ ನಿಜವಾದ ಇತಿಹಾಸವೆಂದು ಇಬ್ಬರೂ ಹೇಳುತ್ತಾರೆ. ನೋಡಿದರೆ ಆ್ಯನ್ ಲಿಸ್ಟರಳಿಗೆ ಸ್ವಭಾವದಲ್ಲಿ ಹೆಚ್ಚು ಹತ್ತಿರದವರು ಮಹಾಶಯರೇ. ಅಂಕಿ, ಹೊತ್ತು, ಅಳತೆ, ಖರ್ಚಿನ ಲೆಕ್ಕ ಎಂದರೆ ಇಬ್ಬರಿಗೂ ಪ್ರಾಣ. ಈ ಸಂಬಂಧವನ್ನು ಅವರಿಗೆ ಇದುವರೆಗೆ ಯಾರೂ ತಿಳಿಸಿಲ್ಲ.

2022ರಲ್ಲಿ ಎರಡನೆಯ ಸರಣಿ ಮುಗಿದ ಮೇಲೆ, ಜುಲೈ ತಿಂಗಳಲ್ಲಿ, ಸಹನಿರ್ಮಾಣದ ಅಮೆರಿಕನ್ ಸಂಸ್ಥೆ ಎಚ್‌ಬಿಒ ಕೈ ಹಿಂತೆಗೆದುಕೊಂಡಿತು. ಅಭಿಮಾನಿಗಳು ಧಾರಾವಾಹಿಯನ್ನು ಉಳಿಸಲು ಚಳವಳಿ ಹೂಡಿದರು, ಮತ್ತು ಎರಡು ಸರಣಿಗಳುದ್ದಕ್ಕೂ ಗೊಣಗಿದ ಮಹಾಶಯರು ಅವರೆಲ್ಲರಿಗಿಂತ ಹೆಚ್ಚು ಕೆರಳಿದರು. ಆ್ಯನ್ ಲಿಸ್ಟರ್ ಸಂಗಾತಿಯೊಡನೆ ರಷ್ಯಾ ದಾಟಿ ಕಾಕಸಸ್ ಪರ್ವತಗಳವರೆಗೆ ಹೋದದ್ದು, 1840ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದ ಕುತಾಯಿಸಿಯಲ್ಲಿ ಜ್ವರದಿಂದ ತೀರಿಕೊಂಡದ್ದು, ಆ್ಯನ್ ವಾಕರ್ ತಿಂಗಳುಗಟ್ಟಲೆ ಪಯಣಿಸಿ ಶವವನ್ನು ಹ್ಯಾಲಿಫ್ಯಾಕ್ಸಿಗೆ ತಂದದ್ದು, ಇವೆಲ್ಲ ತೆರೆಗೆ ಬರದೆ ಉಳಿದದ್ದು ಇತಿಹಾಸಕ್ಕೆ ಬಗೆದ ದ್ರೋಹವೆಂದು ಅವರು ಉದ್ದದ ಪತ್ರವೊಂದನ್ನು ಬರೆದರು. ಅವರ ಸಂಕಟ ನಿಜವಾದದ್ದೇ: ರಷ್ಯಾದ ಹಿಮಬಂಡಿಗಳಲ್ಲಿ ಆಗಬಹುದಾದ ತಪ್ಪುಗಳ ಪಟ್ಟಿಯನ್ನು ಅವರು ಆಗಲೇ ಅರ್ಧ ಸಿದ್ಧಪಡಿಸಿಟ್ಟಿದ್ದರು.