ಕಾಡು ಸಾಹೇಬರು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರದ ಕಾಡು ಶುರುವಾಗುವ ಕಡೆ ಮದ್ದೂರಿನ ಅರಣ್ಯ ತಪಾಸಣಾ ಗೇಟಿದೆ. ಮಳೆಗಾಲದ ಶನಿವಾರಗಳಲ್ಲಿ ಅಲ್ಲಿ ಕಾರಿಳಿಯುವವರ ನಡುವೆ ಕಾಡು ಸಾಹೇಬರನ್ನು ಗುರುತಿಸಲು ಕಷ್ಟವೇನಿಲ್ಲ. ಎಲೆ ಚಿತ್ತಾರದ ಪ್ಯಾಂಟು, ಎಲ್ಲಿ ಮುಟ್ಟಿದರೂ ಜೇಬು ಸಿಗುವ ಜಾಕೆಟ್ಟು, ಅಗಲ ಅಂಚಿನ ಟೋಪಿ, ಎದೆಯ ಮೇಲೆ ಕೈಗೂಸಿನಂತೆ ಒರಗಿದ ಲೆನ್ಸು. ವಾರದ ಐದು ದಿನ ಬೆಂಗಳೂರಿನ ಏಸಿ ಕೋಣೆಯಲ್ಲಿ ಕಂಪ್ಯೂಟರ್ ನೋಡುವ ಇವರು ಆರನೆಯ ದಿನ ಬೇಟೆ ಬಿಟ್ಟ ಜಿಮ್ ಕಾರ್ಬೆಟ್.

ಬಂದವರೇ ಟೀ ಅಂಗಡಿಯಲ್ಲಿ ಮದ್ದೂರು ವಡೆ ಕೇಳುತ್ತಾರೆ. "ಅದು ಮಂಡ್ಯದ್ ಮದ್ದೂರು ಸಾ. ಇಲ್ಲಿ ಬೋಂಡ ಅದೆ," ಅನ್ನುತ್ತಾನೆ ಅಂಗಡಿಯವನು. ಸಾಹೇಬರು ಆಮ್ಲೆಟ್‌ಗೆ ಇಳಿಯುತ್ತಾರೆ. ತಟ್ಟೆ ಬಂದಾಗ, "ಹಳದಿ ನೋಡಿ! ಅಪ್ಪಟ ನಾಟಿ ಮೊಟ್ಟೆ!" ಎಂದು ಹೆಂಡತಿಗೆ ಪಾಠ. ದಾರಿಯಲ್ಲಿ ಕಾರು ನಿಲ್ಲಿಸಿ ಚೆಂಡುಮಲ್ಲಿಗೆ ಹೊಲದಲ್ಲಿ ಫೋಟೊ ತೆಗೆದಾಗಲೂ, "ಎಲ್ಲಾ ದೇವರ ಪೂಜೆಗೆ ಹೋಗುತ್ತೆ," ಎಂದು ವಿವರಿಸಿದ್ದರು. ಈ ಸೀಮೆಯ ಚೆಂಡುಮಲ್ಲಿಗೆಯಲ್ಲಿ ಬಹಳಷ್ಟು ಹೋಗುವುದು ಬಣ್ಣ ತೆಗೆಯುವ ಕಾರ್ಖಾನೆಗೆ. ಆ ಬಣ್ಣವನ್ನು ಫಾರಂ ಕೋಳಿಗಳ ಮೇವಿಗೂ ಬೆರೆಸುತ್ತಾರೆ, ಮೊಟ್ಟೆಯೊಳಗಿನ ಹಳದಿ ಗಾಢವಾಗಲೆಂದು. ಸಾಹೇಬರು ಬೆಳಿಗ್ಗೆ ಫೋಟೊ ತೆಗೆದ ಹೂವಿನ ತಳಿಯೇ ತಟ್ಟೆಯಲ್ಲಿ ನಾಟಿ ಕೋಳಿಯ ವೇಷ ಹಾಕಿ ಕೂತಿದ್ದರೂ ಕೂತಿರಬಹುದು.

ಅಷ್ಟರಲ್ಲಿ ರೈತನೊಬ್ಬ ಹತ್ತಿರ ಬರುತ್ತಾನೆ. ಇಲ್ಲಿನ ಗಾರ್ಡು, ವಾಚರುಗಳ ಮುಖವೆಲ್ಲ ಅವನಿಗೆ ಗೊತ್ತು. ಇದು ಹೊಸ ಮುಖ, ಮೇಲಾಗಿ ಇಂಥ ಟೋಪಿ. ಬೆಂಗಳೂರಿನಿಂದ ಬಂದ ದೊಡ್ಡ ಆಫೀಸರೇ ಇರಬೇಕು.

"ಬುದ್ದಿ, ಹಂದಿ ಬಂದು ಜೋಳನೆಲ್ಲಾ ಬಗೆದಾಕ್‌ಬುಟ್ಟವೆ. ಅರ್ಜಿ ಕೊಟ್ಟು ಬೋ ದಿನ ಆಯ್ತು. ಪರಿಹಾರ ಯಾವಾಗ ಬುದ್ದಿ?"

ತಾನು ಸಾಫ್ಟ್‌ವೇರ್ ಎಂದು ಹೇಳಿಬಿಡುವ ಮನಸ್ಸು ಸಾಹೇಬರಿಗೆ ಒಂದು ಗಳಿಗೆ ಬರುತ್ತದೆ. ಆದರೆ ಟೋಪಿ ಬಿಡಬೇಕಲ್ಲ. ಅರ್ಜಿಯ ನಕಲು ಇಸಿದುಕೊಂಡು, ಯಾವುದೋ ಒಂದು ಜೇಬಿಗೆ ಸೇರಿಸಿ, ಗಂಭೀರವಾಗಿ ಹೇಳುತ್ತಾರೆ: "ನೋಡೋಣ."

ರೈತನಿಗೆ ಉಳಿದಿದ್ದ ಅನುಮಾನವೂ ಹೋಗುತ್ತದೆ. ಇವರು ಆಫೀಸರೇ.

ಮನುಷ್ಯರ ಮುಂದೆ ಇಷ್ಟು ನಡೆದ ವೇಷ ಕಾಡಿನೊಳಗೆ ನಡೆಯುವುದಿಲ್ಲ. ಜಿಂಕೆಯ ಕಣ್ಣಿಗೆ ಕೆಂಪು, ಹಸಿರಿನ ಭೇದ ಸರಿಯಾಗಿ ತಿಳಿಯದು. ಹೀಗಾಗಿ ಕಿತ್ತಳೆ ಬಣ್ಣದ ಹುಲಿ ಅದರ ಪಾಲಿಗೆ ಪೊದೆಯಲ್ಲಿ ಪೊದೆ. ಸಾಹೇಬರು ಮೈತುಂಬ ಎಲೆ ಹೊದ್ದರೂ ಡೀಸೆಲ್ ವಾಹನದ ಮೇಲೆ ಕೂತು ಗುರುಗುಟ್ಟುತ್ತಾ ಬರುತ್ತಾರೆ. ಆನೆಯ ದೃಷ್ಟಿ ಮಂದ, ಮೂಗು ಬಹಳ ಚುರುಕು. ಅದು ಪ್ಯಾಂಟಿನ ಚಿತ್ತಾರ ನೋಡುವ ಗೋಜಿಗೇ ಹೋಗದೆ, ಸೆಂಟಿನ ವಾಸನೆ ಬಂದ ಕಡೆಗೆ ಸೊಂಡಿಲೆತ್ತುತ್ತದೆ. "ಆಹಾ, ಎಷ್ಟು ಹಚ್ಚ ಹಸಿರು!" ಎಂದು ಅವರು ಕ್ಯಾಮೆರಾ ಕ್ಲಿಕ್ಕಿಸುವ ಪೊದೆಯೋ, ಬ್ರಿಟಿಷರ ಕಾಲದಲ್ಲಿ ಕೈತೋಟದ ಅಲಂಕಾರಕ್ಕೆಂದು ಬಂದ ಲಂಟಾನ. ಅದು ಹಬ್ಬಿದ ಕಡೆ ಜಿಂಕೆಗೆ ಹುಲ್ಲು ಸಿಗುವುದಿಲ್ಲ.

ಮದ್ದೂರಿನಲ್ಲಿ ವೇಷಕ್ಕೆ ಸೊಪ್ಪು ಹಾಕದ ಇನ್ನೊಂದಿದೆ: ಆ ಗೇಟು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ದಾರಿಯಲ್ಲಿ ವಾಹನ ಬಿಡಬಾರದೆಂದು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಆದೇಶಿಸಿತು, ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೆ, ಬೆರಳೆಣಿಕೆಯ ಬಸ್ಸುಗಳಿಗೆ ವಿನಾಯಿತಿ ಇದೆ, ಟೋಪಿಗೆ ಇಲ್ಲ. ಒಂಬತ್ತು ದಾಟಿದ ಮೇಲೆ ಬಂದ ಸಾಹೇಬರು ಜಾಕೆಟ್ಟು ಸರಿಮಾಡಿಕೊಂಡು ಇಳಿದರೆ, ಕಾವಲಿನವನು ಎದ್ದು ಜೋರು ಸಲ್ಯೂಟ್ ಹೊಡೆಯುತ್ತಾನೆ. ಹೊಡೆದು, ಗುಂಡ್ಲುಪೇಟೆಯ ಲಾಡ್ಜಿನ ದಾರಿ ತೋರಿಸುತ್ತಾನೆ.

ಆದ್ದರಿಂದ ಓದುಗರಲ್ಲಿ ವಿನಂತಿ: ಹಳದಿ ನೋಡಿ ನಾಟಿ ಎನ್ನಬೇಡಿ, ಟೋಪಿ ನೋಡಿ ಅರ್ಜಿ ಕೊಡಬೇಡಿ. ವಡೆ ಬೇಕಾದರೆ ಮಂಡ್ಯದ ಮದ್ದೂರಿಗೆ ಹೋಗಿ; ಈ ಮದ್ದೂರಿಗೆ ಬರುವುದಾದರೆ ನಿಮಗೆ ಒಪ್ಪುವ ಯಾವ ಬಟ್ಟೆಯನ್ನಾದರೂ ಹಾಕಿಕೊಳ್ಳಿ, ಒಂಬತ್ತರೊಳಗೆ ಗೇಟು ದಾಟಿ.