ಬೇಳೆ ಲೆಕ್ಕ

"ಚಾಕ್ಕೆ ಸಕ್ಕರೆ ಬೇಡ, ನನಗೆ ಶುಗರುಂಟು" ಎಂದು ನಮ್ಮ ರಾಮಕುಂಜದ ಮಾವ ಹೇಳುವ ಗತ್ತು ನೋಡಬೇಕು. ನಿರ್ಜಲ ಏಕಾದಶಿ ಹಿಡಿದವರಿಗೂ ಅಷ್ಟು ಗತ್ತಿಲ್ಲ. ಅದು ಉಳಿಯುವುದು ಬಕ್ಕೆ ಹಲಸು ಜಗಲಿಗೆ ಬರುವವರೆಗೆ.

ಮೊನ್ನೆ ಗೋಣಿ ಹಾಸಿ, ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿ ಕೂತರು. ಮೊದಲ ಸೊಳೆ ರುಚಿ ನೋಡಲಿಕ್ಕೆ. ಎರಡನೆಯದು, ಮೊದಲಿನದು ತುಸು ಸಪ್ಪೆಯಿದ್ದದ್ದಕ್ಕೆ. ಮೂರನೆಯದು ಕತ್ತಿ ತಾಗಿ ತುಂಡಾದದ್ದು, ಬಿಸಾಡುವುದುಂಟಾ?

"ಮಾವ, ಶುಗರು?" ಅಂದೆ.

"ಇದು ನಮ್ಮ ತೋಟದ್ದು ಮಾರಾಯ. ಮದ್ದು ಬಿಟ್ಟದ್ದಲ್ಲ, ಗೊಬ್ಬರ ಹಾಕಿದ್ದಲ್ಲ. ಅಂಗಡಿ ಸಕ್ಕರೆಯ ಹಾಗಾ?"

ರಕ್ತಕ್ಕೆ ಪಹಣಿ ಓದಲು ಬರುವುದಿಲ್ಲವಲ್ಲ! ಬೇಳೆ ತೆಗೆದ ನೂರು ಗ್ರಾಂ ಹಣ್ಣಿನಲ್ಲಿ, ಅಂದರೆ ಹದ ಗಾತ್ರದ ನಾಲ್ಕೈದು ಸೊಳೆಯಲ್ಲಿ, ಕಾರ್ಬೋಹೈಡ್ರೇಟು ಸುಮಾರು 23 ಗ್ರಾಂ. ಅದರಲ್ಲೂ ಹೆಚ್ಚಿನದು ಸಕ್ಕರೆಯೇ. ಬೆಳಗ್ಗಿನ ಚಾದಲ್ಲಿ ಮಾವ ಉಳಿಸಿದ್ದು ಒಂದು ಚಮಚ, ಐದು ಗ್ರಾಂ.

ಅವರ ಹತ್ತಿರ ಪೇಪರಿನ ಸಾಕ್ಷಿಯೂ ಉಂಟು. "ಹಲಸು ಶುಗರಿಗೆ ಒಳ್ಳೆಯದಂತೆ!" ಅರ್ಧ ನಿಜ. ಆಂಧ್ರದ ಶ್ರೀಕಾಕುಳಂನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟದ್ದು ಹಣ್ಣಲ್ಲ, ಹಸಿ ಕಾಯಿಯ ಹಿಟ್ಟು. ದಿನಕ್ಕೆ 30 ಗ್ರಾಂ, ಅದೂ ಅಕ್ಕಿ-ಗೋಧಿ ಹಿಟ್ಟಿನ ಬದಲಿಗೆ. 12 ವಾರದಲ್ಲಿ ಅವರ ಶುಗರಿನ ಸರಾಸರಿ ಇಳಿಯಿತು. 'ಬದಲಿಗೆ' ಎಂಬ ಶಬ್ದ ಮಾತ್ರ ಮಾವನ ಕನ್ನಡಕಕ್ಕೆ ಸಿಗಲಿಲ್ಲ. ಬೆಳಗ್ಗೆ ಹಲಸಿನಹಣ್ಣಿನ ಕೊಟ್ಟಿಗೆ. ಅದು ತಿಂಡಿ, ಹಣ್ಣಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಗುಡ್ಡೆ, ಬದಿಗೆ ಕಾಯಿಸೊಳೆ ಪಲ್ಯ, ಅದು ತರಕಾರಿ. ಸಂಜೆ ಹಪ್ಪಳ, ಅದು ಲೆಕ್ಕಕ್ಕೇ ಇಲ್ಲ.

ನನಗಂತೂ ಹಣ್ಣಿನ ಮೇಲೆ ಕನಿಕರ. ಬೈಗುಳವೆಲ್ಲ ಅದಕ್ಕೆ, ಅನ್ನದ ಗುಡ್ಡೆಯನ್ನು ಕೇಳುವವರಿಲ್ಲ. ಎರಡು ಸೌಟು ಅನ್ನ ಕಡಿಮೆ ಬಡಿಸಿಕೊಂಡು ಮೂರು ಸೊಳೆ ತಿಂದರೆ ಡಾಕ್ಟ್ರೂ ಬಯ್ಯಲಿಕ್ಕಿಲ್ಲ. (ಇನ್ಸುಲಿನ್ ಚುಚ್ಚಿಕೊಂಡವರು ಊಟವನ್ನೇ ಬಿಡುವ ಪೌರುಷ ತೋರಿಸಬಾರದು. ಶುಗರ್ ಇಳಿದು ಕೈಕಾಲು ನಡುಗಿದರೆ ಆಗ ಓಡುವುದು ಸಕ್ಕರೆ ಡಬ್ಬಕ್ಕೇ.)

ಅತ್ತೆಗೆ ಈ ಗ್ರಾಮಿನ ಲೆಕ್ಕವೆಲ್ಲ ಬೇಡ. ಅವರಿಗೆ ಬೇಕಾದದ್ದು ಬೇಳೆ. ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದರೆ ಮಳೆಗಾಲಕ್ಕೆ ಸಾಂತಾಣಿಯಾಯಿತು. ಹಾಗಾಗಿ ಕುಕ್ಕೆ ಹಿಡಿದು ಬಂದು, ತಿಂದವರ ಎದುರಿನ ಬೇಳೆ ಎಣಿಸಿಯೇ ಹೆಕ್ಕುತ್ತಾರೆ.

"ನಿಮ್ಮದು ಮೂರೇ?" ಮಾವನ ಎದುರು ನಿಂತು ಕೇಳಿದರು.

"ಮೂರೇ. ನೋಡು ಬೇಕಾದರೆ."

ಆಮೇಲೆ ನನ್ನ ಹತ್ತಿರ ಬಂದರು. ನಾನು ತಿಂದದ್ದು ಆರು. ಎದುರಿಗಿದ್ದದ್ದು ಹದಿನೇಳು!

"ನಿನಗೂ ಶುಗರ್ ಶುರುವಾಗಿದೆ ಅಂದಿದ್ದೆಯಲ್ಲ?" ಎಂದು ಅತ್ತೆ ಕಣ್ಣರಳಿಸಿದರು.

ಮಾವ ಬೈರಾಸಿನಲ್ಲಿ ನಿಧಾನಕ್ಕೆ ಬಾಯಿ ಒರಸಿಕೊಂಡರು. "ನಾನೂ ಆಗಿನಿಂದ ಅದನ್ನೇ ಹೇಳುತ್ತಿದ್ದೇನೆ, ಕೇಳಬೇಕಲ್ಲ ಇವ."